ಲಗ್ಗೆಯ ಒಂದು ನಿಮಿಷ: ಶ್ರೀರಂಗಪಟ್ಟಣದ ಕೋಟೆ ಕದನವನ್ನು ಡಯೊರಾಮಾ ಆಗಿಸಲು ಯೋಜನೆ ಹಾಕುವುದು ಹೇಗೆ

ಡಯೊರಾಮಾ ಎಂದರೆ ಹಲಗೆಯ ಮೇಲೆ ಪುಟ್ಟ ಗೊಂಬೆಗಳಿಂದ ಕಟ್ಟುವ ದೃಶ್ಯ. ನನ್ನ ಮೊದಲ ಯುದ್ಧದ ಡಯೊರಾಮಾದಲ್ಲಿ ನೂರ ನಲವತ್ತು ಪುಟಾಣಿ ಸೈನಿಕರಿದ್ದರು. ಕುದುರೆ, ಫಿರಂಗಿ, ಬಾವುಟ, ಹೊಗೆಗೆಂದು ಹತ್ತಿ, ಎಲ್ಲವೂ ಇತ್ತು. ನೋಡಲು ಬಂದ ಚಿಕ್ಕಪ್ಪ ಎರಡು ನಿಮಿಷ ಬಗ್ಗಿ ನೋಡಿ, "ಯಾವ ಊರಿನ ಜಾತ್ರೆಯಪ್ಪಾ ಇದು?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿರಲಿಲ್ಲ. ಒಂಬತ್ತು ತಿಂಗಳ ಕೆಲಸ ಜಾತ್ರೆಯಾಗಿ ಕಂಡದ್ದಕ್ಕೆ ಬಣ್ಣವಾಗಲಿ ಗೊಂಬೆಗಳಾಗಲಿ ಕಾರಣವಲ್ಲ, ನಾನು ಇಡೀ ಯುದ್ಧವನ್ನೇ ಹಲಗೆಯ ಮೇಲೆ ಕೂರಿಸಲು ಹೋಗಿದ್ದೆ. ಹಲಗೆಯ ಮೇಲೆ ಹಿಡಿಸುವುದು ಒಂದು ನಿಮಿಷ ಮಾತ್ರ. ಯಾವ ನಿಮಿಷ, ಎಲ್ಲಿ ನಿಂತು ನೋಡಿದ್ದು ಎಂದು ತೀರ್ಮಾನಿಸುವುದೇ ಯೋಜನೆಯ ಮುಕ್ಕಾಲು ಪಾಲು.

ಉದಾಹರಣೆಗೆ 1799ರ ಮೇ 4ರಂದು ಬ್ರಿಟಿಷರು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕೋಟೆಗೆ ಹಾಕಿದ ಲಗ್ಗೆಯನ್ನು ತೆಗೆದುಕೊಳ್ಳುತ್ತೇನೆ. ಅದು ಬಹುಮಟ್ಟಿಗೆ ಕಾಲಾಳುಗಳ ಕದನ, ಕುದುರೆ ಮಾಡುವ ಕಷ್ಟವಿಲ್ಲ. ಸ್ಥಳವನ್ನು ಹೋಗಿ ಅಳೆಯಬಹುದು. ಎರಡೂ ಕಡೆಯ ಉಡುಪು ಬೇರೆ ಬೇರೆಯಾದ್ದರಿಂದ ಒಂದು ಅಡಿ ದೂರದಿಂದಲೂ ಯಾರು ಯಾರೆಂದು ತಿಳಿಯುತ್ತದೆ.

ಮೊದಲು ನಿಮಿಷ

ಆ ದಿನದ ಘಟನೆಗಳನ್ನು ಒಂದು ಹಾಳೆಯಲ್ಲಿ ಗಂಟೆವಾರು ಬರೆದುಕೊಳ್ಳಿ. ಬೆಳಿಗ್ಗೆಯಿಂದ ಫಿರಂಗಿಗಳು ಕೋಟೆಯ ಪಶ್ಚಿಮ ಗೋಡೆಯ ಒಡಕನ್ನು ಅಗಲಿಸುತ್ತಿವೆ. ಒಡಕಿನ ಹತ್ತಿರ ಟಿಪ್ಪುವಿನ ಸೇನಾನಿ ಸೈಯದ್ ಗಫಾರ್ ಗುಂಡಿಗೆ ಬಲಿಯಾಗುತ್ತಾನೆ. ಬಿಸಿಲಿಗೆ ಕೋಟೆಯ ಕಾವಲು ಸಡಿಲವಾಗಿರುತ್ತದೆ ಎಂಬ ಲೆಕ್ಕದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಡೇವಿಡ್ ಬೇರ್ಡ್‌ನ ನಾಯಕತ್ವದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ತಾವೇ ತೋಡಿದ ಕಂದಕಗಳಿಂದ ಎದ್ದು ಕಾವೇರಿಗೆ ಇಳಿಯುತ್ತಾರೆ. ಬೇರ್ಡ್ ಇದೇ ಊರಿನಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದವನು. ಹತ್ತು ನಿಮಿಷದೊಳಗೆ ಒಡಕಿನ ನೆತ್ತಿಯ ಮೇಲೆ ಬಾವುಟ ನಿಲ್ಲುತ್ತದೆ. ಅಲ್ಲಿಂದ ಎಡದ ದಂಡು ಉತ್ತರದ ಕೋಟೆಗೋಡೆಯ ಮೇಲೂ ಬಲದ ದಂಡು ದಕ್ಷಿಣದ ಗೋಡೆಯ ಮೇಲೂ ಹೋಗುತ್ತವೆ. ಟಿಪ್ಪು ಸತ್ತದ್ದು ಅದಾದ ಮೇಲೆ, ಉತ್ತರದ ಬಾಗಿಲ ಬಳಿ. ಶವ ಸಿಕ್ಕಿದ್ದು ಕತ್ತಲಾದ ಮೇಲೆ, ಪಂಜಿನ ಬೆಳಕಿನಲ್ಲಿ.

ಈ ಪಟ್ಟಿಯಲ್ಲಿ ಹತ್ತು ಡಯೊರಾಮಾಗಳಿವೆ. ಹೆಚ್ಚಿನವರು ಟಿಪ್ಪುವಿನ ಸಾವಿಗೆ ಹೋಗುತ್ತಾರೆ. ಹೋಗಬೇಡಿ ಎನ್ನುವುದು ನನ್ನ ಸಲಹೆ. ಆ ದೃಶ್ಯವನ್ನು ಇಂಗ್ಲೆಂಡಿನ ಚಿತ್ರಕಾರರು ಎಷ್ಟು ಬಾರಿ ಬಿಡಿಸಿದ್ದಾರೆಂದರೆ, ನೀವು ಮಾಡುವುದು ಕದನದ ಮಾದರಿಯಾಗದೆ ಆ ಚಿತ್ರಗಳ ಮಾದರಿಯಾಗುತ್ತದೆ.

ನಾನು ಆರಿಸಿಕೊಂಡ ನಿಮಿಷ ಬೇರೆ. ಒಡಕಿನ ನೆತ್ತಿಗೆ ಹತ್ತಿದ ಮೊದಲ ಜನರಿಗೆ ಅಲ್ಲಿ ಕಾಣುವುದು ಊರಲ್ಲ. ಒಳಗೆ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗೋಡೆ! ಹಿಂದಿನಿಂದ ನುಗ್ಗುತ್ತಿರುವವರಿಗೆ ಇದು ಗೊತ್ತಿಲ್ಲ, ಅವರು ತಳ್ಳುತ್ತಲೇ ಇದ್ದಾರೆ. ಮುಂದಿನವನು ನಿಂತಿದ್ದಾನೆ, ಹಿಂದಿನವನು ನಿಂತಿಲ್ಲ. ದೃಶ್ಯದ ಬಿಗುವೆಲ್ಲ ಇರುವುದು ಆ ಎರಡು ಹೆಜ್ಜೆಗಳ ಅಂತರದಲ್ಲಿ. ನಿಮಿಷ ಹೀಗೆ ಒಂದು ವಾಕ್ಯಕ್ಕೆ ಇಳಿಯುವ ತನಕ ಗೊಂಬೆ ಕೊಳ್ಳಬೇಡಿ. ವಾಕ್ಯವನ್ನು ಬರೆದು ಮೇಜಿನ ಎದುರಿಗೆ ಅಂಟಿಸಿ. ಮುಂದೆ "ಇಲ್ಲೊಂದು ಫಿರಂಗಿ ಇಟ್ಟರೆ ಹೇಗೆ" ಎಂಬ ಆಸೆ ಬಂದಾಗಲೆಲ್ಲ ಅದನ್ನು ಓದಿ.

ಅಳತೆಯ ಲೆಕ್ಕ

ಕಾಲಾಳು ಕದನಕ್ಕೆ ಸಾಮಾನ್ಯವಾಗಿ ಬಳಸುವುದು 1/72 (ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು), 28 ಮಿ.ಮೀ. ಮತ್ತು 54 ಮಿ.ಮೀ. ಗೊಂಬೆಗಳು. ಒಬ್ಬನದೋ ಇಬ್ಬರದೋ ಮುಖಭಾವ ಮುಖ್ಯವಾದರೆ 54. ಗುಂಪಿನ ಚಲನೆ ಮುಖ್ಯವಾದರೆ 1/72. ನಮ್ಮ ನಿಮಿಷದಲ್ಲಿ ತಳ್ಳಾಟವಿದೆ, ಆದ್ದರಿಂದ 1/72. ಇದರಲ್ಲಿ ಐದೂವರೆ ಅಡಿಯ ಮನುಷ್ಯ 23 ಮಿ.ಮೀ. ಎತ್ತರ.

ಈಗ ನೆಲಕ್ಕೆ ಬನ್ನಿ. ದಾಟಬೇಕಾದ ಕಡೆ ಹೊಳೆಯ ಅಗಲ ಸುಮಾರು 250 ಮೀಟರ್. 72ರಿಂದ ಭಾಗಿಸಿದರೆ ಮೂರೂವರೆ ಮೀಟರ್. ಅಂದರೆ ನದಿಯೊಂದಕ್ಕೇ ಹನ್ನೊಂದು ಅಡಿಯ ಮೇಜು ಬೇಕು, ಅದರಲ್ಲಿ ಬರೀ ನೀರು ಮತ್ತು ಬಂಡೆ. ಆದ್ದರಿಂದ ನದಿಯನ್ನು ಬಿಡಬೇಕು, ಆದರೆ ಪೂರ್ತಿ ಬಿಟ್ಟರೆ ಕಥೆ ಕೆಡುತ್ತದೆ. ದಡದ ಕೊನೆಯ ಏಳು ಮೀಟರ್ ಇಟ್ಟುಕೊಂಡರೆ ಹಲಗೆಯ ಮೇಲೆ ಹತ್ತು ಸೆಂಟಿಮೀಟರ್. ಸಾಕು.

ನನ್ನ ಹಲಗೆ 60 × 40 ಸೆಂ.ಮೀ. ಎಡದಿಂದ ಬಲಕ್ಕೆ: ನೀರು 10, ಹೊರಗಿನ ಕಂದಕ 7, ಒಡಕಿನ ಇಳಿಜಾರು 15, ಗೋಡೆಯ ನೆತ್ತಿ 10, ಒಳಕಂದಕ 8, ಒಳಗೋಡೆ 10. ಇದು ನಿಜವಾದ ನೆಲದ ಅಳತೆಯಲ್ಲ, ಅಡ್ಡಕ್ಕೆ ಅದುಮಿದ್ದು. ಅದುಮುವಾಗ ಒಂದು ನಿಯಮ ಇಟ್ಟುಕೊಳ್ಳಿ. ಅಗಲವನ್ನು ಎಷ್ಟು ಬೇಕಾದರೂ ಅದುಮಿ, ಎತ್ತರವನ್ನು ಮುಟ್ಟಬೇಡಿ. ಕಂದಕ ಅರ್ಧವಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆ ಒಂದೂವರೆ ಸೆಂಟಿಮೀಟರ್ ಗಿಡ್ಡವಾದರೆ ಸೈನಿಕ ರಾಕ್ಷಸನಂತೆ ಕಾಣುತ್ತಾನೆ.

ಸ್ಥಳಕ್ಕೆ ಹೋಗಿ ಅಳೆಯಿರಿ

ಒಡಕಿನ ಜಾಗದಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಗೋಡೆಯ ಪಕ್ಕ ಎತ್ತರ ಗೊತ್ತಿರುವ ಗೆಳೆಯನೊಬ್ಬನನ್ನು ನಿಲ್ಲಿಸಿ ದೂರದಿಂದ ನೇರವಾಗಿ ಫೋಟೋ ತೆಗೆಯಿರಿ. ಅವನ ಎತ್ತರ ಎಷ್ಟು ಸಾಲು ಕಲ್ಲಿಗೆ ಸಮ ಎಂದು ಎಣಿಸಿದರೆ ಕಲ್ಲಿನ ಗಾತ್ರವೂ ಗೋಡೆಯ ಎತ್ತರವೂ ಒಟ್ಟಿಗೆ ಸಿಗುತ್ತವೆ. ಎತ್ತರ ಆರು ಮೀಟರ್ ಬಂದರೆ ಮಾದರಿಯಲ್ಲಿ 8.3 ಸೆಂ.ಮೀ. ಹಾಗೆಯೇ ಹತ್ತಿರದಿಂದ ಕಲ್ಲಿನ ಬಣ್ಣದ ಫೋಟೋವನ್ನೂ ತೆಗೆದುಕೊಳ್ಳಿ. ನಮ್ಮ ಗ್ರಾನೈಟ್ ದೂರಕ್ಕೆ ಬೂದು, ಹತ್ತಿರದಲ್ಲಿ ತುಸು ಗುಲಾಬಿ, ಮಳೆನೀರು ಇಳಿದ ಕಡೆ ಕಪ್ಪು. ಸಂರಕ್ಷಿತ ಸ್ಮಾರಕವಾದ್ದರಿಂದ ನೆನಪಿಗೆಂದು ಒಂದು ಚೂರನ್ನೂ ಕಿಸೆಗೆ ಹಾಕಬೇಡಿ.

ಆದರೆ ಇವತ್ತು ಕಾಣುವುದನ್ನೆಲ್ಲ ನಂಬಲೂ ಬಾರದು. ಇವತ್ತಿನ ಕಾವೇರಿ ಕನ್ನಂಬಾಡಿ ಕಟ್ಟೆಯ ಕೆಳಗಿನ ಕಾವೇರಿ, ಅದರ ಮಟ್ಟವನ್ನು ಗೇಟುಗಳು ತೀರ್ಮಾನಿಸುತ್ತವೆ. 1799ರ ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಹೊಳೆ ಬಂಡೆಗಳ ನಡುವೆ ಇಳಿದುಹೋಗಿತ್ತು. ಮುತ್ತಿಗೆ ಹಾಕಿದವರಿಗೆ ಇದ್ದ ಆತುರಕ್ಕೂ ಅದೇ ಕಾರಣ, ಮಳೆ ಹಿಡಿದರೆ ಹೊಳೆ ದಾಟುವ ಮಾತೇ ಇಲ್ಲ. ಗಿಡಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈಗ ಕೋಟೆಯ ಸುತ್ತ ಎಲ್ಲೆಂದರಲ್ಲಿ ಬೆಳೆಯುವ ಪಾರ್ಥೇನಿಯಂ ನಮ್ಮ ದೇಶದಲ್ಲಿ ಹಬ್ಬಿದ್ದು 1950ರ ದಶಕದ ನಂತರ. ಲಂಟಾನ ಕಲ್ಕತ್ತೆಗೆ ಬಂದದ್ದೇ 1800 ದಾಟಿದ ಮೇಲೆ. ಒಣಹುಲ್ಲು, ಕುರುಚಲು ಗಿಡ, ಮಣ್ಣು ಇಷ್ಟೇ ಸಾಕು.

ನಕ್ಷೆಗೆ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿನ ಪಟಗಳು ಒಳ್ಳೆಯವು, ಅವನು ಆ ಮುತ್ತಿಗೆಯಲ್ಲಿ ಇದ್ದವನು. ಚಿತ್ರಗಳ ಮಾತು ಬೇರೆ. ಅದೇ 1800ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಈ ಲಗ್ಗೆಯ ನೂರಡಿಗೂ ಉದ್ದದ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಜನ ಮುಗಿಬಿದ್ದು ನೋಡಿದರು. ಬಿಡಿಸುವ ಹೊತ್ತಿಗೆ ಅವನು ಭಾರತದ ನೆಲ ಮೆಟ್ಟಿದವನಲ್ಲ. ಗುಂಪನ್ನು ಹೇಗೆ ಜೋಡಿಸಬೇಕೆಂದು ಅವನಿಂದ ಕಲಿಯಿರಿ, ಉಡುಪನ್ನು ಕಲಿಯಬೇಡಿ. ಮೈಸೂರಿನ ಸಿಪಾಯಿಗೆ 1791–92ರ ಯುದ್ಧದಲ್ಲಿ ಇಲ್ಲಿಗೆ ಬಂದಿದ್ದ ರಾಬರ್ಟ್ ಹೋಮ್‌ನ ಚಿತ್ರಗಳು ಹೆಚ್ಚು ನಂಬಿಕೆಗೆ ಅರ್ಹ. ರಾಕೆಟ್ಟಿನ ಬಿದಿರನ್ನೇ ಬಾವುಟದ ಕೋಲಾಗಿ ಹಿಡಿದು ನಿಂತ ಸೈನಿಕನ ಪ್ರಸಿದ್ಧ ಚಿತ್ರ ಅವನದೇ.

ಎಲ್ಲಿ ನಿಂತು ನೋಡುವುದು

ನೋಡುಗನನ್ನು ದಕ್ಷಿಣದಲ್ಲಿ ನಿಲ್ಲಿಸಿದ್ದೇನೆ, ಅವನ ಮುಖ ಉತ್ತರಕ್ಕೆ. ಆಗ ದಾಳಿಕಾರರು ಎಡದಿಂದ ಬಲಕ್ಕೆ, ನಾವು ಓದುವ ದಿಕ್ಕಿನಲ್ಲೇ ಸಾಗುತ್ತಾರೆ. ನೀರು, ಇಳಿಜಾರು, ನೆತ್ತಿ, ಒಳಕಂದಕ ಎಲ್ಲವೂ ಕತ್ತರಿಸಿದ ಹಲಸಿನ ಹಣ್ಣಿನಂತೆ ಪಕ್ಕದಿಂದ ಕಾಣುತ್ತವೆ. ನೆತ್ತಿಯ ಮೇಲಿನವನಿಗೆ ಕಾಣುವುದು, ಕೆಳಗಿನವನಿಗೆ ಕಾಣದಿರುವುದು, ಎರಡನ್ನೂ ನೋಡುಗ ಒಟ್ಟಿಗೆ ಕಾಣುತ್ತಾನೆ. ನದಿಯ ಕಡೆಯಿಂದ ನೋಡಿಸಿದರೆ ಸಿಗುವುದು ಬರೀ ಬೆನ್ನುಗಳು.

ದಿಕ್ಕು ತೀರ್ಮಾನವಾದರೆ ಉಡುಪೂ ತೀರ್ಮಾನವಾಗುತ್ತದೆ. ಬಲದ ದಂಡು ನೋಡುಗನಿಗೆ ಹತ್ತಿರ. ಅದರಲ್ಲಿದ್ದವು 73 ಮತ್ತು 74ನೆಯ ಹೈಲ್ಯಾಂಡ್ ರೆಜಿಮೆಂಟುಗಳು, ಸ್ವಿಸ್ಸರ ಮ್ಯುರಾನ್ ರೆಜಿಮೆಂಟಿನ ಕಂಪನಿಗಳು. ಎಡದ ದಂಡಿನ 12 ಮತ್ತು 33ನೆಯ ರೆಜಿಮೆಂಟುಗಳು, ಬಂಗಾಳದ ಸಿಪಾಯಿಗಳು ದೂರದ ಸಾಲಿನಲ್ಲಿ. ನಿಮ್ಮ ಅತ್ಯುತ್ತಮ ಗೊಂಬೆಗಳನ್ನು 73 ಮತ್ತು 74ಕ್ಕೆ ಮೀಸಲಿಡಿ.

ಹಲಗೆಯ ಅಂಚಿಗೆ ಗೋಡೆಯನ್ನು ಸಮಾನಾಂತರವಾಗಿ ಇಡಬೇಡಿ. ಹದಿನೈದು ಡಿಗ್ರಿ ಓರೆ ಮಾಡಿ. ಅಷ್ಟಕ್ಕೇ ಪೆಟ್ಟಿಗೆಯಲ್ಲಿ ತುಂಬಿಟ್ಟಂತೆ ಕಾಣುವುದು ತಪ್ಪುತ್ತದೆ.

ನೆರಳಿನ ಲೆಕ್ಕವನ್ನೂ ಈಗಲೇ ಮಾಡಿ. ಮೇ ಮೊದಲ ವಾರ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಒಂದು ಗಂಟೆ ದಾಟಿದಾಗ ಇಪ್ಪತ್ತು ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲಿರುತ್ತಾನೆ. 23 ಮಿ.ಮೀ. ಗೊಂಬೆಯ ನೆರಳು ಎಂಟೊಂಬತ್ತು ಮಿ.ಮೀ., ಅದೂ ಓಡುವವನ ಮುಂದಕ್ಕೆ. ಪ್ರದರ್ಶನದ ದೀಪವನ್ನು ನೆತ್ತಿಯಿಂದ ತುಸು ಎಡಕ್ಕೆ ಕಟ್ಟಬೇಕೆಂದು ಇದರಿಂದಲೇ ತಿಳಿಯುತ್ತದೆ. ಮುಂದಿನಿಂದ ಬೆಳಕು ಬಿಟ್ಟರೆ ಆ ಸುಡು ಮಧ್ಯಾಹ್ನ ಸಂಜೆಯಾಗಿಬಿಡುತ್ತದೆ.

ರಟ್ಟಿನ ಮಾದರಿ

ಇದನ್ನು ಬಿಟ್ಟು ಮುಂದೆ ಹೋದವರು ಯಾರೂ ಪಶ್ಚಾತ್ತಾಪ ಪಡದೆ ಇಲ್ಲ, ನಾನೂ ಸೇರಿ. ಹಳೆಯ ರಟ್ಟಿನ ಡಬ್ಬದಿಂದ ಗೋಡೆ, ಇಳಿಜಾರು ಕತ್ತರಿಸಿ ಟೇಪು ಹಚ್ಚಿ ನಿಲ್ಲಿಸಿ. 23 ಮಿ.ಮೀ. ಎತ್ತರದ ಕಾಗದದ ಮನುಷ್ಯರನ್ನು ಕತ್ತರಿಸಿ, ದಾಳಿಕಾರರಿಗೆ ಕೆಂಪು, ರಕ್ಷಕರಿಗೆ ನೇರಳೆ ಬಳಿದು ಗುಂಡುಸೂಜಿಯಿಂದ ಚುಚ್ಚಿ. ಮೊಬೈಲನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಫೋಟೋ ತೆಗೆಯಿರಿ. ಒಂದು ವಾರ ಹಾಗೆಯೇ ಬಿಡಿ. ದಿನಕ್ಕೊಮ್ಮೆ ಹೋಗಿ ಕೆಲವರನ್ನು ತೆಗೆಯಿರಿ, ಸೇರಿಸಬೇಡಿ.

ನನ್ನ ಲೆಕ್ಕ 90ರಿಂದ ಶುರುವಾಗಿ 62ಕ್ಕೆ ಇಳಿಯಿತು. ನೀರಿನಲ್ಲಿ 8, ಇಳಿಜಾರಿನಲ್ಲಿ 22, ನೆತ್ತಿಯ ಮೇಲೆ 7, ರಕ್ಷಕರು 16, ಬಿದ್ದವರು 9. ಇಳಿಜಾರಿನಲ್ಲಿ ಒತ್ತೊತ್ತಾಗಿ, ನೆತ್ತಿಯ ಮೇಲೆ ಬಿಡುಬಿಡಾಗಿ. ಒಳಕಂದಕದಲ್ಲಿ ಯಾರೂ ಇಲ್ಲ. ಆ ಎಂಟು ಸೆಂಟಿಮೀಟರ್ ಖಾಲಿ ಜಾಗವೇ ದೃಶ್ಯದ ಕೇಂದ್ರ, ಅದನ್ನು ತುಂಬಿಸಲು ಕೈ ತುರಿಸುತ್ತದೆ, ತಡೆದುಕೊಳ್ಳಿ.

ಒಂದು ಗೊಂಬೆಗೆ ಒಂದೂವರೆ ಗಂಟೆ ಹಿಡಿದರೆ 62ಕ್ಕೆ 93 ಗಂಟೆ. ಭಾನುವಾರಕ್ಕೆ ನಾಲ್ಕು ಗಂಟೆಯಂತೆ 23 ವಾರ. ದೀಪಾವಳಿಗೆ ಕೂತರೆ ಯುಗಾದಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮಳೆಗಾಲಕ್ಕಿಂತ ಒಣ ತಿಂಗಳುಗಳೇ ಮೇಲು, ಗಾಳಿಯಲ್ಲಿ ತೇವವಿದ್ದಾಗ ಸ್ಪ್ರೇ ವಾರ್ನಿಷ್ ಹೊಡೆದರೆ ಗೊಂಬೆಯ ಮೇಲೆ ಬಿಳಿ ಮಬ್ಬು ಕೂರುತ್ತದೆ.

ಗೊಂಬೆಗಳು ಮತ್ತು ಬಣ್ಣ

ಆ ಕಾಲದ ಬ್ರಿಟಿಷ್ ಕಾಲಾಳುಗಳು 1/72ರಲ್ಲಿ ಧಾರಾಳವಾಗಿ ಸಿಗುತ್ತಾರೆ, ಮೈಸೂರಿನವರು ಸಿಗುವುದು ಕಷ್ಟ. ಇತರ ಪೇಟದ ಗೊಂಬೆಗಳನ್ನು ತಂದು ಎಂ-ಸೀಲ್‌ನಿಂದ ನಡುಕಟ್ಟು, ಅಂಗಿಯ ಅಂಚು ತಿದ್ದಬೇಕು. ಬ್ರಿಟಿಷರಲ್ಲೂ ತಿದ್ದುಪಡಿ ಬೇಕು. ಹೈಲ್ಯಾಂಡ್ ರೆಜಿಮೆಂಟ್ ಎಂದ ಕೂಡಲೇ ಕಿಲ್ಟ್ (ಸ್ಕಾಟ್ಲೆಂಡಿನವರ ಚೌಕಳಿ ಲಂಗ) ತೊಡಿಸಬೇಡಿ. ನಮ್ಮ ಬಿಸಿಲಿಗೆ ಅವರು ಇಲ್ಲಿ ಬಿಳಿ ಷರಾಯಿ, ದುಂಡು ಟೋಪಿ ತೊಡುತ್ತಿದ್ದರು. ಕಾಲರು ಮತ್ತು ತೋಳಂಚಿನ ಬಣ್ಣ 73ಕ್ಕೆ ಕಡುಹಸಿರು, 74ಕ್ಕೆ ಬಿಳಿ, 12ಕ್ಕೆ ಹಳದಿ, 33ಕ್ಕೆ ಕೆಂಪು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳಿಗೆ ಕೆಂಪು ಅಂಗಿ, ಗಿಡ್ಡ ಚಡ್ಡಿ, ಬರಿಗಾಲು.

ಬಾವುಟದಲ್ಲಿ ಹಲವರು ಎಡವುತ್ತಾರೆ. ಬ್ರಿಟಿಷ್ ಒಕ್ಕೂಟದ ಧ್ವಜಕ್ಕೆ ಕೆಂಪು ಓರೆಗೆರೆಗಳು ಸೇರಿದ್ದು 1801ರಲ್ಲಿ, ಐರ್ಲೆಂಡ್ ಕೂಡಿದ ಮೇಲೆ. 1799ಕ್ಕೆ ಓರೆಗೆರೆ ಬಿಳಿಯದು ಮಾತ್ರ. ಅಂಗಡಿಯ ಸ್ಟಿಕ್ಕರ್ ಅಂಟಿಸಿದರೆ ಎರಡು ವರ್ಷ ಮುಂದೆ ಹೋದಂತಾಗುತ್ತದೆ. ಒಡಕಿನ ಮೇಲೆ ಬಾವುಟ ನೆಟ್ಟ ಗ್ರಹಾಂ ಎಂಬ ಸಾರ್ಜೆಂಟ್ ಅಲ್ಲೇ ಗುಂಡಿಗೆ ಬಿದ್ದ. ಆದ್ದರಿಂದ ನನ್ನ ದೃಶ್ಯದಲ್ಲಿ ಬಾವುಟ ನೆಟ್ಟಗಿಲ್ಲ, ವಾಲುತ್ತಿದೆ.

ಟಿಪ್ಪುವಿನ ಸೈನಿಕನ ಹುಲಿಪಟ್ಟೆಯ ಅಂಗಿಗೆ ಮೊದಲು ನೇರಳೆ, ಅದರ ಮೇಲೆ ಬಿಳಿಯಲ್ಲಿ ತುಂಡು ತುಂಡು ಗೀಟುಗಳು. ಗೀಟನ್ನು ಉದ್ದಕ್ಕೆ ಎಳೆದರೆ ಜೀಬ್ರಾ ಆಗುತ್ತದೆ. ಕುಂಚದ ತುದಿ ಮುಟ್ಟಿಸಿ ಎತ್ತಿ, ಬೀಜದಾಕಾರದ ಗುರುತು ಬೀಳುತ್ತದೆ. ಒಂದು ಸಾಲಿನ ಗುರುತು ಮುಂದಿನ ಸಾಲಿನ ಸಂದಿಗೆ ಬರುವಂತೆ ಇಡಿ. ಎದೆಗೆ ಮೂರು ಸಾಲು ಸಾಕು.

ರಾಕೆಟ್ಟಿಗೆ ದುಡ್ಡು ಖರ್ಚಿಲ್ಲ. ಕಬ್ಬಿಣದ ಕೊಳವೆಯನ್ನು ಒಂದಡಿ ಉದ್ದ ಎಂದು ಹಿಡಿದರೆ ಮಾದರಿಯಲ್ಲಿ ನಾಲ್ಕು ಮಿ.ಮೀ. ತೆಳು ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಅಷ್ಟುದ್ದ ಕತ್ತರಿಸಿ, ಹಿಡಿಸೂಡಿಯ ಕಡ್ಡಿಯನ್ನು ಬ್ಲೇಡಿನಿಂದ ಹೆರೆದು ಬಿದಿರಾಗಿಸಿ, ಎರಡನ್ನೂ ದಾರದಿಂದ ಸುತ್ತಿ ಅಂಟು ಹಚ್ಚಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಅವುಗಳ ಫೋಟೋ ನೋಡಿ ತುಕ್ಕಿನ ಬಣ್ಣ ಬಳಿಯಬೇಡಿ ಮಾತ್ರ. ಅವು ಇನ್ನೂರು ವರ್ಷ ಮಣ್ಣಿನಲ್ಲಿದ್ದವು, ನಮ್ಮ ಸೈನಿಕನ ಕೈಯಲ್ಲಿರುವುದು ಉಗ್ರಾಣದಿಂದ ಅಂದೇ ತಂದದ್ದು.

ನನಗೆ ಅತಿ ಇಷ್ಟವಾದ ಕೆಲಸ ಒದ್ದೆ ಷರಾಯಿ. ಹೊಳೆ ದಾಟಿ ಬಂದವನ ಬಿಳಿ ಬಟ್ಟೆ ಮಂಡಿಯ ಕೆಳಗೆ ಒಣ ಬಿಳಿಯಾಗಿರಲು ಸಾಧ್ಯವಿಲ್ಲ. ಅಲ್ಲಿ ಬೂದು ಬಣ್ಣಕ್ಕೆ ಒಂದು ಹನಿ ಚರ್ಮದ ಬಣ್ಣ ಬೆರೆಸಿ ತೆಳುವಾಗಿ ಬಳಿಯಿರಿ, ಒದ್ದೆ ಬಟ್ಟೆಯೊಳಗಿಂದ ಕಾಲು ಇಣುಕಿದಂತಾಗುತ್ತದೆ. ಕೊನೆಗೆ ಹೊಳಪಿನ ವಾರ್ನಿಷ್ ಅಷ್ಟೇ ಭಾಗಕ್ಕೆ. ಒದ್ದೆಯ ಗೆರೆ ಒಬ್ಬನಿಗೆ ಮಂಡಿಯಲ್ಲಿ, ಇನ್ನೊಬ್ಬನಿಗೆ ತೊಡೆಯಲ್ಲಿ ಇರಲಿ, ಹೊಳೆಯ ತಳ ಬಂಡೆಗಳದು. ಹಲಗೆಯ ಮೇಲಿರದ ಇನ್ನೂರ ನಲವತ್ತು ಮೀಟರ್ ನದಿಯ ಕಥೆಯನ್ನು ಈ ಕಾಲುಗಳೇ ಹೇಳುತ್ತವೆ.

ನೆಲ, ಗೋಡೆ, ನೀರು

ಒಡೆದ ಗೋಡೆಯನ್ನು ಒಡೆದಂತೆಯೇ ಮಾಡಲು ಹೋಗಬೇಡಿ. ಮೊದಲು ಪೂರ್ತಿ ಗೋಡೆ ಕಟ್ಟಿ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದು, ಕಲ್ಲಿನ ಸಾಲುಗಳನ್ನು ಸೂಜಿಯಿಂದ ಗೀರಿ. ಆಮೇಲೆ ಒಡೆಯಿರಿ. ಬಿದ್ದ ಚೂರುಗಳನ್ನೇ ಇಳಿಜಾರಿಗೆ ಬಳಸಿದರೆ ಗೋಡೆಯಲ್ಲಿ ಕಾಣೆಯಾದ ಕಲ್ಲು ಮತ್ತು ಕೆಳಗೆ ಬಿದ್ದ ಕಲ್ಲು ತಾಳೆಯಾಗುತ್ತವೆ. ಫಿರಂಗಿ ಗುಂಡು ಬುಡವನ್ನು ಕೊರೆದಾಗ ಮೇಲಿನದು ಕುಸಿಯುತ್ತದೆ. ದೊಡ್ಡ ಕಲ್ಲು ಉರುಳಿ ತಳ ಸೇರುತ್ತದೆ, ಪುಡಿ ಮೇಲೆ ಉಳಿಯುತ್ತದೆ. ಇಳಿಜಾರು ಮೂವತ್ತೈದು ಡಿಗ್ರಿಯ ಆಸುಪಾಸಿನಲ್ಲಿರಲಿ, ಅದಕ್ಕಿಂತ ಕಡಿದಾದರೆ ಕಲ್ಲುರಾಶಿ ನಿಲ್ಲುವುದಿಲ್ಲ.

ಅಡಿಯ ಏರಿಳಿತಕ್ಕೆ ಥರ್ಮಾಕೋಲ್ ಸಾಕು. ಅದರ ಮೇಲೆ ಫೆವಿಕಾಲ್ ಬೆರೆಸಿದ ಪ್ಲಾಸ್ಟರ್ ಹಚ್ಚಿ ಮುಚ್ಚದೆ ಸ್ಪ್ರೇ ಬಣ್ಣವನ್ನು ಹತ್ತಿರಕ್ಕೂ ತರಬೇಡಿ. ನಾನೊಮ್ಮೆ ರಾತ್ರಿ ಪ್ರೈಮರ್ ಹೊಡೆದು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಗುಡ್ಡದ ಜಾಗದಲ್ಲಿ ಜೇನುಗೂಡು. ಮಣ್ಣಿಗೆ ಸೋಸಿದ ಚಹಾ ಚರಟವನ್ನು ತೊಳೆದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಉದುರಿಸಿ. ಒಣಹುಲ್ಲಿಗೆ ತೆಂಗಿನ ನಾರು. ದಸರಾ ಗೊಂಬೆ ಕೂರಿಸುವಾಗ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡಿದವರಿಗೆ ಇದೆಲ್ಲ ಹೊಸದೇನಲ್ಲ, ಕೈ ಆಗಲೇ ಪಳಗಿರುತ್ತದೆ.

ನೀರಿಗೆ ಎಪಾಕ್ಸಿ ರೆಸಿನ್. ಮೊದಲು ತಳಕ್ಕೆ ಬಣ್ಣ, ಮಡುವಿನ ಕಡೆ ಕಡುಹಸಿರು, ಬಂಡೆಯ ಸುತ್ತ ಕಂದು. ರೆಸಿನ್ ಮೂರು ಮಿ.ಮೀ.ಗಿಂತ ದಪ್ಪ ಒಮ್ಮೆಗೇ ಸುರಿಯಬೇಡಿ, ಬಿಸಿಯೇರಿ ಗುಳ್ಳೆ ಏಳುತ್ತದೆ. ನೀರಿನಲ್ಲಿ ನಿಲ್ಲುವ ಎಂಟು ಗೊಂಬೆಗಳನ್ನು ರೆಸಿನ್ ಸುರಿಯುವ ಮೊದಲೇ ಅಂಟಿಸಿರಬೇಕು. ಹಾಗಾಗಿ ಬಣ್ಣದ ಸರದಿಯಲ್ಲಿ ಅವರೇ ಮೊದಲು. ಹೊಗೆಗೆ ಹತ್ತಿ ಇಡುವುದಾದರೆ ಒಂದೆರಡು ಕಡೆ, ಬೆರಳಿನಿಂದ ಎಳೆದೆಳೆದು ಹಿಂದಿನದು ಕಾಣುವಷ್ಟು ತೆಳುವಾಗಿಸಿ. ನನ್ನನ್ನು ಕೇಳಿದರೆ ಬೇಡವೇ ಬೇಡ.

ಪೆಟ್ಟಿಗೆಯನ್ನು ಕೊನೆಗೆ ನೋಡಿಕೊಂಡರಾಯಿತು ಎಂದುಕೊಳ್ಳಬೇಡಿ, ಹಲಗೆ ಕತ್ತರಿಸುವ ದಿನವೇ ಅದರ ಅಳತೆ ಬರೆದಿಡಿ. ಅಕ್ವೇರಿಯಂ ಅಂಗಡಿಯವರು ಹೇಳಿದ ಅಳತೆಗೆ ಗಾಜಿನ ತೊಟ್ಟಿ ಮಾಡಿಕೊಡುತ್ತಾರೆ, ಅದನ್ನು ಬೋರಲು ಹಾಕಿದರೆ ಮುಚ್ಚಳ. ಬಾವುಟದ ತುದಿಯಿಂದ ಗಾಜಿಗೆ ನಾಲ್ಕು ಸೆಂಟಿಮೀಟರ್ ಬಿಡಿ. ಹಲಗೆಯ ಸುತ್ತ ಅರ್ಧ ಸೆಂಟಿಮೀಟರ್ ತೋಡು ಕೊರೆಸಿ ತೊಟ್ಟಿಯ ಅಂಚು ಅದರೊಳಗೆ ಕೂರುವಂತೆ ಮಾಡಿಸಿದರೆ ಇರುವೆಯೂ ನುಗ್ಗುವುದಿಲ್ಲ, ಮಕ್ಕಳ ಬೆರಳೂ ನುಗ್ಗುವುದಿಲ್ಲ. ಹೋದ ತಿಂಗಳು ಚಿಕ್ಕಪ್ಪ ಮತ್ತೆ ಬಂದಿದ್ದರು. ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದವರು, "ಆ ಮುಂದಿನವನು ಯಾಕೋ ನಿಂತುಬಿಟ್ಟಿದ್ದಾನಲ್ಲ?" ಎಂದರು.